ಪೇಟೆಯ ಮಾತು, ದೇಶದ ಸರಾಸರಿ: ಹವಾಮಾನ ಸಮೀಕ್ಷೆಗಳು ನಡೆದು ಬಂದ ದಾರಿ

ಹವಾಮಾನ ಬದಲಾವಣೆಯ ಬಗ್ಗೆ ಜನ ಏನೆನ್ನುತ್ತಾರೆ ಎಂದು ಅಳೆಯುವ ಕೆಲಸ ಪರಿಸರದ ಹೆಸರಿನಲ್ಲಿ ಶುರುವಾಯಿತು. ಹವಾಮಾನದ ಹೆಸರು ಆಮೇಲೆ ಬಂತು. 1992ರಲ್ಲಿ ಗ್ಯಾಲಪ್ ಸಂಸ್ಥೆ ಭಾರತವೂ ಸೇರಿದಂತೆ 24 ದೇಶಗಳಲ್ಲಿ ‘ಭೂಮಿಯ ಆರೋಗ್ಯ’ ಎಂಬ ಸಮೀಕ್ಷೆ ನಡೆಸಿತು. ಹೊಟ್ಟೆ ತುಂಬಿದವರಿಗಷ್ಟೇ ಪರಿಸರದ ಚಿಂತೆ ಎಂಬ ಎಣಿಕೆ ಆಗ ವಿದ್ವಾಂಸರಲ್ಲೂ ಗಟ್ಟಿಯಾಗಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ರೈಲಿ ಡನ್‌ಲ್ಯಾಪ್ ಮತ್ತು ಸಂಗಡಿಗರು ಉತ್ತರಗಳನ್ನು ಲೆಕ್ಕ ಹಾಕಿದಾಗ ಅದು ಬಿದ್ದುಹೋಯಿತು. ಬಡ ದೇಶಗಳ ಜನರ ಕಾಳಜಿ ಶ್ರೀಮಂತ ದೇಶದವರದಕ್ಕಿಂತ ಕಡಿಮೆ ಇರಲಿಲ್ಲ; ತಮ್ಮೂರಿನ ನೀರು, ಗಾಳಿಯ ಮಾತು ಬಂದಾಗ ಅವರ ದೂರೇ ಹೆಚ್ಚಿತ್ತು. 1997ರಲ್ಲಿ ರಾಮಚಂದ್ರ ಗುಹಾ ಮತ್ತು ಮಾರ್ಟಿನೆಜ್ ಆಲಿಯೆ ಬರೆದ ಪುಸ್ತಕದ ಮೂಲಕ ‘ಬಡವರ ಪರಿಸರವಾದ’ ಎಂಬ ಮಾತು ಹೆಚ್ಚು ಬಳಕೆಗೆ ಬಂತು. 2001ರಲ್ಲಿ ನೀರಜ್ ವೇದವಾನ್ ಮತ್ತು ರಾಬರ್ಟ್ ರೋಡ್ಸ್ ಹಿಮಾಚಲದ ಕುಲು ಕಣಿವೆಯ ಸೇಬು ಬೆಳೆಗಾರರನ್ನು ಮಾತನಾಡಿಸಿ, ಹವೆ ಬದಲಾದದ್ದನ್ನು ರೈತರು ಬೆಳೆಯ ಮೂಲಕ ಹೇಗೆ ಗುರುತಿಸುತ್ತಾರೆ ಎಂದು ದಾಖಲಿಸಿದರು. ಇದು ಅಂಕಿಗಳ ದಾರಿಗಿಂತ ಬೇರೆಯ ದಾರಿ. ಮುಂದೆಯೂ ಇವೆರಡೂ ಕೂಡಿದ್ದು ಅಪರೂಪ.

ಅಂಕಿಗಳ ದಾರಿಯಲ್ಲಿ ದೊಡ್ಡ ಹೆಜ್ಜೆ 2007–08ರ ಗ್ಯಾಲಪ್ ಜಾಗತಿಕ ಸಮೀಕ್ಷೆ. 119 ದೇಶಗಳ ಈ ಉತ್ತರಗಳ ವಿಶ್ಲೇಷಣೆ ಪ್ರಕಟವಾದದ್ದು 2015ರಲ್ಲಿ. ಅದರಂತೆ ಜಗತ್ತಿನ ವಯಸ್ಕರಲ್ಲಿ ಶೇ 40ರಷ್ಟು ಮಂದಿ ಹವಾಮಾನ ಬದಲಾವಣೆಯ ಹೆಸರನ್ನೇ ಕೇಳಿರಲಿಲ್ಲ. ಭಾರತದಲ್ಲಿ ಆ ಪಾಲು ಮೂರರಲ್ಲಿ ಎರಡರ ಹತ್ತಿರ. ಹೆಸರು ಕೇಳಿದ್ದಾರೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತಿದ್ದದ್ದು ಓದು. ಆದರೆ ಅಪಾಯವಿದೆ ಎಂಬ ಅನಿಸಿಕೆಯ ಮೂಲ ಖಂಡದಿಂದ ಖಂಡಕ್ಕೆ ಬದಲಾಗುತ್ತಿತ್ತು. ಯುರೋಪು ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಇದು ಮನುಷ್ಯರಿಂದಲೇ ಆಗುತ್ತಿದೆ ಎಂಬ ತಿಳಿವಳಿಕೆ ಮುಖ್ಯವಾದರೆ, ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ತಮ್ಮೂರಿನ ಸೆಕೆ ಏರಿದೆ ಎಂಬ ಅನುಭವ ಮುಖ್ಯ. ನಗರದ ಅಭಿಪ್ರಾಯವನ್ನು ದೇಶದ ಅಭಿಪ್ರಾಯದ ಪಕ್ಕ ಇಡುವವರು ಬಹುಮಟ್ಟಿಗೆ ಮರೆಯುವುದು ಈ ಭೇದವನ್ನೇ. ಓದಿನ ಅಂತರ ನಗರವನ್ನು ಮುಂದೆ ತೋರಿಸುತ್ತದೆ, ಅನುಭವದ ಅಂತರ ಹಾಗೆ ತೋರಿಸಲೇಬೇಕೆಂದಿಲ್ಲ.

ಭಾರತಕ್ಕೇ ಮೀಸಲಾದ ಮೊದಲ ದೊಡ್ಡ ಹವಾಮಾನ ಸಮೀಕ್ಷೆಯನ್ನು ಯೇಲ್ ವಿಶ್ವವಿದ್ಯಾಲಯದ ಆಂಟನಿ ಲೈಸರೊವಿಟ್ಜ್ ಅವರು ಜಗದೀಶ್ ಥಾಕರ್ ಜತೆ 2011ರ ನವೆಂಬರ್–ಡಿಸೆಂಬರಿನಲ್ಲಿ ನಡೆಸಿದರು. 4,031 ಜನರಲ್ಲಿ ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಬಹಳ ತಿಳಿದಿದೆ ಎಂದವರು ಶೇ 7 ಮಾತ್ರ. ಶೇ 41ರಷ್ಟು ಮಂದಿ ಕೇಳಿಯೇ ಇಲ್ಲ ಅಥವಾ ಗೊತ್ತಿಲ್ಲ ಎಂದರು. ಆದರೆ ಎರಡು ಮಾತಿನಲ್ಲಿ ವಿವರಿಸಿದ ಮೇಲೆ, ಹೌದು, ಅದು ಆಗುತ್ತಿದೆ ಎಂದವರು ಶೇ 72. ಮುಂದೆ ಇದೇ ತಂಡ ಉತ್ತರಿಸಿದವರನ್ನು ಆರು ಗುಂಪುಗಳಾಗಿ ವಿಂಗಡಿಸಿತು. ಅವುಗಳಲ್ಲಿ ದೊಡ್ಡದು ‘ಅನುಭವಿಗಳು’, ಸುಮಾರು ನಾಲ್ಕನೇ ಒಂದು ಪಾಲು. ವಿಜ್ಞಾನದ ಹೆಸರುಗಳು ಇವರಿಗೆ ಅಷ್ಟಾಗಿ ಗೊತ್ತಿಲ್ಲ, ಮಳೆ ಮೊದಲಿನಂತಿಲ್ಲ ಎಂಬುದು ಮಾತ್ರ ಖಚಿತ. ‘ತಿಳಿದವರು’ ಎಂಬ ಗುಂಪು ಇದಕ್ಕಿಂತ ಚಿಕ್ಕದು. ಟೆರಿ ಸಂಸ್ಥೆ ಅದೇ ದಶಕದಲ್ಲಿ ದೆಹಲಿ, ಮುಂಬಯಿಯಂಥ ನಗರಗಳಲ್ಲಿ ಪರಿಸರ ಸಮೀಕ್ಷೆ ನಡೆಸಿ ನಗರವಾಸಿಗಳ ಮಾತನ್ನು ಬೇರೆಯಾಗಿ ದಾಖಲಿಸಿತು. 2015ರ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಕಳವಳವಿದೆ ಎಂದ ಭಾರತೀಯರು ಶೇ 73.

ಹತ್ತು ವರ್ಷದ ಬಳಿಕ ಯೇಲ್ ತಂಡ ಸಮೀಕ್ಷಾ ಸಂಸ್ಥೆ ಸಿ-ವೋಟರ್ ಜತೆ ಫೋನಿನ ಮೂಲಕ ಮರಳಿ ಬಂತು. 2021–22ರಲ್ಲಿ ಮಾತನಾಡಿಸಿದ 4,619 ಜನರಲ್ಲಿ ಬದಲಾವಣೆ ಆಗುತ್ತಿದೆ ಎಂದವರು ಶೇ 84, ಹೆಚ್ಚಾಗಿ ಮನುಷ್ಯರಿಂದಲೇ ಎಂದವರು ಶೇ 57. ಆದರೂ ಶೇ 54ರಷ್ಟು ಮಂದಿ ತಮಗೆ ತಿಳಿದಿರುವುದು ಅಲ್ಪ ಅಥವಾ ತಾವು ಕೇಳಿಯೇ ಇಲ್ಲ ಎಂದರು. ಮುಂದಿನ ಸುತ್ತಿನಲ್ಲಿ ಚಿಂತೆ ವ್ಯಕ್ತಪಡಿಸಿದವರ ಪಾಲು ಶೇ 91ಕ್ಕೆ ಏರಿತು. ಕಡಿಮೆ ತಿಳಿವಳಿಕೆ ಮತ್ತು ಹೆಚ್ಚಿನ ಚಿಂತೆಯ ಈ ಜೋಡಿ ಮೇಲ್ನೋಟಕ್ಕೆ ವಿಚಿತ್ರ. ಊರಿನ ಮಳೆಗಾಲವನ್ನು ಬಲ್ಲವರಿಗೆ ಹಾಗೆನಿಸದು.

ಆಮೇಲೆ ಬಂದದ್ದು ಜಿಲ್ಲಾವಾರು ನಕ್ಷೆ. ಈ ಮುಂದಿನ ಸುತ್ತಿನಲ್ಲಿ ಸಿಕ್ಕ 2,178 ಜನರನ್ನು ದೇಶದ ಜಿಲ್ಲೆಗಳಿಗೆ ಹಂಚಿದರೆ ಒಂದೊಂದಕ್ಕೆ ಮೂರು ಮಂದಿಯೂ ಬರುವುದಿಲ್ಲ. ಹಲವು ಸುತ್ತುಗಳನ್ನು ಒಟ್ಟುಗೂಡಿಸಿದರೂ ಜಿಲ್ಲೆಯೊಂದಕ್ಕೆ ನೇರ ಉತ್ತರ ಸಾಲದು. ಹಾಗಾಗಿ ವಯಸ್ಸು, ಲಿಂಗ, ಓದಿನಂಥ ಗುಣಗಳಿಗೂ ಅಭಿಪ್ರಾಯಕ್ಕೂ ಇರುವ ನಂಟನ್ನು ಇಡೀ ಮಾದರಿಯಿಂದ ಲೆಕ್ಕ ಹಾಕಿ, ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಅಂಥವರು ಎಷ್ಟಿದ್ದಾರೆ ಎಂದು ನೋಡಿ ಅಂದಾಜು ಮಾಡಲಾಗುತ್ತದೆ. ವಿಧಾನ ಒಳ್ಳೆಯದೇ. ಆದರೆ ದಕ್ಷಿಣ ಕನ್ನಡ ಅದರಲ್ಲಿ ಒಂದೇ ಸಂಖ್ಯೆ. ಮಂಗಳೂರಿನ ಬಂದರು ಮತ್ತು ಚಾರ್ಮಾಡಿ ಘಾಟಿಯ ಬುಡ ಎರಡೂ ಆ ಸಂಖ್ಯೆಯೊಳಗೇ ಬರುತ್ತವೆ.

ಇದೇ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಗರ–ಗ್ರಾಮ ಎಂಬ ಗೆರೆಯೇ ಮಸುಕು. ಬಂಟ್ವಾಳ, ಮೂಡುಬಿದಿರೆಗಳಿಗೆ ಪುರಸಭೆ, ಬೆಳ್ತಂಗಡಿಗೆ ಪಟ್ಟಣ ಪಂಚಾಯಿತಿ. 2011ರ ಗಣತಿಯಲ್ಲಿ ಬಂಟ್ವಾಳದ ಜನಸಂಖ್ಯೆ 40 ಸಾವಿರದಷ್ಟು, ಬೆಳ್ತಂಗಡಿಯದು 8 ಸಾವಿರಕ್ಕೂ ಕಡಿಮೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಅಂಗಡಿ ಇಟ್ಟವರಿಗೆ, ಬ್ಯಾಂಕಿನಲ್ಲಿ ದುಡಿಯುವವರಿಗೆ ಹತ್ತು ಮೈಲಿ ಆಚೆ ಅಡಿಕೆ ತೋಟವಿರುವುದು ಇಲ್ಲಿ ಹೊಸದಲ್ಲ. ಅವರು ಫೋನಿನಲ್ಲಿ ಕೊಡುವ ಉತ್ತರ ನಗರದ್ದೋ ಹಳ್ಳಿಯದ್ದೋ ಎಂದು ಹೇಳುವುದು ಸುಲಭವಲ್ಲ.

ಅನುಭವ ಏನೆಂಬುದಕ್ಕೆ 2019 ಒಂದೇ ವರ್ಷ ಸಾಕು. ಆ ಮೇ ತಿಂಗಳಲ್ಲಿ ನೇತ್ರಾವತಿ ನದಿ ಬತ್ತಿ, ಭಕ್ತರು ಪ್ರವಾಸವನ್ನು ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ವಿನಂತಿಸಿಕೊಂಡರು. ಆಗಸ್ಟಿನಲ್ಲಿ ಅದೇ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ದಿಡುಪೆಯ ಸುತ್ತ ಗುಡ್ಡ ಜರಿದು, ಹೊಳೆಗಳು ಉಕ್ಕಿ, ಮನೆ ತೋಟಗಳಿಗೆ ಮಣ್ಣು ಮರಳು ನುಗ್ಗಿತು. ಘಾಟಿಯ ರಸ್ತೆ ಮುಚ್ಚಿತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಮೂರು ತಿಂಗಳ ಅಂತರದಲ್ಲಿ ಬರವೂ ನೆರೆಯೂ ಬಂದವು. ನಿಮ್ಮೂರಿನಲ್ಲಿ ಮಳೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬ ಪ್ರಶ್ನೆಗೆ ಇಂಥ ಕಡೆ ಒಂದು ಪದದ ಉತ್ತರ ಸಿಗುವುದು ಕಷ್ಟ.

ಬಂಟ್ವಾಳದಲ್ಲಿ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. 1923 ಮತ್ತು 1974ರ ನೆರೆಗಳು ಅಲ್ಲಿ ಇಂದಿಗೂ ಅಳತೆಗೋಲು. ಪೇಟೆಗೆ ನೀರು ನುಗ್ಗಿದಾಗಲೆಲ್ಲ ಹಿರಿಯರು ಹೋಲಿಸುವುದು ಅವಕ್ಕೆ. ಈ ನೆನಪು ಎರಡು ಅಲಗಿನದು. ನದಿಯ ಸ್ವಭಾವವನ್ನು ಅದು ಚೆನ್ನಾಗಿ ಕಲಿಸುತ್ತದೆ, ಜತೆಗೆ ‘ಹಿಂದೆಯೂ ಹೀಗೆ ಆಗಿತ್ತು’ ಎಂಬ ಸಮಾಧಾನವನ್ನೂ ಕೊಡುತ್ತದೆ. ಬೇಸಿಗೆಯ ಕತೆ ಬೇರೆ. ಬಂಟ್ವಾಳ ತಾಲ್ಲೂಕಿನ ತುಂಬೆ ಕಿಂಡಿ ಅಣೆಕಟ್ಟಿನಿಂದಲೇ ಮಂಗಳೂರಿಗೆ ಕುಡಿಯುವ ನೀರು. 2016, 2019, 2023ರ ಬೇಸಿಗೆಗಳಲ್ಲಿ ನಗರದ ನಲ್ಲಿಗಳಿಗೆ ಕಡಿತ ಬಂತು. ನಗರವಾಸಿ ಹವೆಯ ಏರುಪೇರನ್ನು ತಿಳಿಯುವುದು ನಲ್ಲಿಯಿಂದ, ಅಣೆಕಟ್ಟಿನ ಪಕ್ಕದ ಕೃಷಿಕ ತನ್ನ ಪಂಪಿನಿಂದ.

ತೋಟದವರು ಹವೆಯನ್ನು ಅಳೆಯುವುದು ಕೊಳೆರೋಗದಿಂದ. ಬಿಸಿಲು ಬಿಡದೆ ಮಳೆ ಸುರಿದರೆ ಬೋರ್ಡೋ ದ್ರಾವಣ ಹೊಡೆಯಲು ಎಡೆ ಸಿಗುವುದಿಲ್ಲ, ಎಳೆ ಅಡಿಕೆ ಉದುರುತ್ತದೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇರುವುದರಿಂದ ಈ ಚರ್ಚೆಗೆ ಶಾಸ್ತ್ರದ ಬೆಂಬಲವೂ ಉಂಟು. ಹವಾಮಾನ ಆಧಾರಿತ ಬೆಳೆ ವಿಮೆ ಬಂದ ಮೇಲಂತೂ ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿ ಕೃಷಿಕರ ದಿನದ ಮಾತಾಯಿತು. ವಿಮೆಯ ಪರಿಹಾರ ನಿಂತಿರುವುದೇ ಆ ಅಂಕಿಯ ಮೇಲೆ. ದೇಶದ ಸಮೀಕ್ಷೆಗಳು ‘ಅನುಭವಿಗಳು’ ಎಂದು ಕರೆದವರ ಕೈಯಲ್ಲಿ ಈಗ ಮಿಲಿಮೀಟರಿನ ಲೆಕ್ಕವೂ ಇದೆ. 2011ರ ಆರು ಗುಂಪುಗಳಲ್ಲಿ ಇಂಥವರಿಗೆ ಜಾಗ ಹುಡುಕುವುದು ಸುಲಭವಲ್ಲ.

ದೇಶದ ಸರಾಸರಿಗೂ ಊರಿನ ಮಾತಿಗೂ ಇರುವ ಅಂತರ ಹೆಚ್ಚು ಕಾಣುವುದು ಮುಂದೇನು ಮಾಡಬೇಕು ಎಂಬ ವಿಷಯದಲ್ಲಿ. 2070ರೊಳಗೆ ನಿವ್ವಳ ಇಂಗಾಲ ಶೂನ್ಯ ಎಂಬ ಗುರಿಗೆ ಯೇಲ್ ಸಮೀಕ್ಷೆಗಳಲ್ಲಿ ದೊಡ್ಡ ಬಹುಮತವಿದೆ. ಅಂಥ ಪ್ರಶ್ನೆಯಲ್ಲಿ ಯಾರ ಜಾಗವೂ ಹೋಗುವುದಿಲ್ಲ. ಊರಿನ ಪ್ರಶ್ನೆಗಳು ಹಾಗಿಲ್ಲ. ಪಶ್ಚಿಮ ಘಟ್ಟದ ಸಂರಕ್ಷಣೆಯ ಕುರಿತ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಬೆಳ್ತಂಗಡಿಯ ಘಟ್ಟದಂಚಿನ ಹಳ್ಳಿಗಳಲ್ಲಿ ವಿರೋಧ ಬಲವಾಗಿತ್ತು. ಕೃಷಿಗೆ, ಮನೆ ಕಟ್ಟುವುದಕ್ಕೆ ಅಡ್ಡಿಯಾದೀತೆಂಬ ಹೆದರಿಕೆ ಅದು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಇದೇ ಜಿಲ್ಲೆ ಎತ್ತಿನಹೊಳೆ ಯೋಜನೆಯ ವಿರುದ್ಧ 2016ರ ಮೇ ತಿಂಗಳಲ್ಲಿ ಬಂದ್ ಆಚರಿಸಿತ್ತು. ನೇತ್ರಾವತಿಗೆ ಸೇರಬೇಕಾದ ನೀರು ಪೂರ್ವಕ್ಕೆ ಹೋಗುತ್ತದೆಂಬುದು ಆಕ್ಷೇಪ. ಮೂಡುಬಿದಿರೆ, ಬಂಟ್ವಾಳ ತಾಲ್ಲೂಕುಗಳ ಕೃಷಿಕರು ತೋಟದ ಮೇಲೆ ಹಾಯುವ ಉಡುಪಿ–ಕಾಸರಗೋಡು 400 ಕೆ.ವಿ. ವಿದ್ಯುತ್ ಮಾರ್ಗವನ್ನೂ ವಿರೋಧಿಸಿದ್ದಾರೆ. ಕಾಡನ್ನು ಕಾಯುವ ಗೆರೆ ಬೇಡ, ನದಿಯನ್ನು ತಿರುಗಿಸುವುದೂ ಬೇಡ, ತೋಟದ ಮೇಲೆ ತಂತಿಯೂ ಬೇಡ. ಪರಿಸರವಾದದ ಪುಸ್ತಕಕ್ಕೆ ಇದು ಹೊಂದದಿರಬಹುದು, ನೆಲ ಮತ್ತು ನೀರಿನ ಮೇಲಿನ ಹಕ್ಕಿನ ಲೆಕ್ಕದಲ್ಲಿ ಮೂರೂ ಒಂದೇ. ದೂರವಾಣಿಯ ಪ್ರಶ್ನಾವಳಿಗೆ ಉತ್ತರಿಸುವಾಗ ಈ ಮೂರೂ ಮಾತು ಆಡುವವರು ಶೇ 91ರ ಚಿಂತಿತರ ಸಾಲಿನಲ್ಲೇ ಬರಬಲ್ಲರು.