ಗರ್ಭಸ್ಥ ಶಿಶುವಿನ ರಕ್ತವರ್ಣಕ: ಒಂದು ಅನ್ವೇಷಣೆಯ ಚರಿತ್ರೆ

ರಕ್ತಕ್ಕೆ ಕೆಂಪನ್ನು ಕೊಟ್ಟು ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ ಎಂಬ ದ್ರವ್ಯವು ಗರ್ಭಸ್ಥ ಶಿಶುವಿನಲ್ಲಿಯೂ ಬೆಳೆದ ಮನುಷ್ಯನಲ್ಲಿಯೂ ಒಂದೇ ಅಲ್ಲವೆಂಬುದು 1866ರಲ್ಲಿ ತಿಳಿದುಬಂದಿತು. ಆ ವರ್ಷ ಡೋರ್ಪಾಟ್ ನಗರದಲ್ಲಿ ಪ್ರಬಂಧವನ್ನೊಪ್ಪಿಸಿದ ಕೋರ್ಬರ್ ಎಂಬಾತನು, ಕ್ಷಾರವನ್ನು ಬೆರಸಿದರೆ ದೊಡ್ಡವರ ರಕ್ತದ ಬಣ್ಣವು ಬೇಗನೆ ಕೆಡುವುದೆಂದೂ ಮಾಸುವಿನಿಂದ ತೆಗೆದ ರಕ್ತದ ಬಣ್ಣವು ಬಹಳ ಹೊತ್ತು ತಡೆದುಕೊಳ್ಳುವುದೆಂದೂ ಕಂಡನು. ಆ ಭೇದಕ್ಕೆ ವೈದ್ಯದಲ್ಲಿರುವ ಮಹತ್ತ್ವವು ಹೊಳೆಯಲು ಎಂಟು ದಶಕಗಳು ಬೇಕಾದುವು.

ಗರ್ಭದಲ್ಲಿ ರಕ್ತಕಣಗಳು ಮೊದಲು ಪೀತಕೋಶದಲ್ಲಿಯೂ ಬಳಿಕ ಮುಖ್ಯವಾಗಿ ಯಕೃತ್ತಿನಲ್ಲಿಯೂ ಕೊನೆಗೆ ಅಸ್ಥಿಮಜ್ಜೆಯಲ್ಲಿಯೂ ಹುಟ್ಟುತ್ತವೆ. ರಸಧಾತುವು ಯಕೃತ್ಪ್ಲೀಹಗಳನ್ನು ಸೇರಿ ಕೆಂಪಾಗುವುದೆಂದು ಸುಶ್ರುತಸಂಹಿತೆಯಲ್ಲಿ ಹೇಳಿರುವುದನ್ನು ಇದರೊಡನೆ ಕೂಡಿಸಿ, ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂದು ಹಿಗ್ಗುವುದು ಯುಕ್ತವಲ್ಲ. ಸುಶ್ರುತನ ಮಾತು ದೇಹಿಗಳೆಲ್ಲರನ್ನೂ ಕುರಿತದ್ದು. ಗರ್ಭವನ್ನು ಮಾತ್ರ ಕುರಿತದ್ದಲ್ಲ.

ಹೀಮೋಗ್ಲೋಬಿನಿನ ಒಂದು ಅಣುವಿನಲ್ಲಿ ಆಲ್ಫಾ ವರ್ಗದ ಎರಡು, ಬೀಟಾ ವರ್ಗದ ಎರಡು ಸರಪಣಿಗಳಿರುತ್ತವೆ. ಬೀಟಾ ವರ್ಗದ ಜೀನುಗಳು 11ನೆಯ ವರ್ಣತಂತುವಿನಲ್ಲಿ ಎಪ್ಸಿಲಾನ್, ಎರಡು ಗ್ಯಾಮಾ, ಡೆಲ್ಟಾ, ಬೀಟಾ ಎಂಬ ಕ್ರಮದಲ್ಲಿ ನಿಂತಿವೆ. ವಿಸ್ಮಯವೇನೆಂದರೆ, ಅವು ಕಾರ್ಯಕ್ಕೆ ತೊಡಗುವ ಕ್ರಮವೂ ಬಹುಮಟ್ಟಿಗೆ ಇದೇ. ಮೊದಲ ಕೆಲವು ವಾರಗಳಲ್ಲಿ ಎಪ್ಸಿಲಾನ್, ಅನಂತರ ಜನನದವರೆಗೆ ಪ್ರಧಾನವಾಗಿ ಗ್ಯಾಮಾ, ಆಮೇಲೆ ಬೀಟಾ. ಗ್ಯಾಮಾ ಸರಪಣಿಯುಳ್ಳ ಹೀಮೋಗ್ಲೋಬಿನು ತಾಯಿಯದಕ್ಕಿಂತ ಬಲವಾಗಿ ಆಮ್ಲಜನಕವನ್ನು ಹಿಡಿಯುವುದರಿಂದಲೇ ಮಾಸುವಿನ ಮೂಲಕ ಶಿಶುವು ಅದನ್ನು ಪಡೆಯಬಲ್ಲುದು.

1948ರಲ್ಲಿ ನ್ಯೂಯಾರ್ಕಿನ ಜೇನೆಟ್ ವಾಟ್ಸನ್ ಎಂಬ ವೈದ್ಯೆಯು, ಕುಡುಗೋಲುಕಣರೋಗವನ್ನು ಹೊತ್ತು ಹುಟ್ಟಿದ ಶಿಶುಗಳ ರಕ್ತದಲ್ಲಿ ಬಾಗಿದ ಕಣಗಳು ವಿರಳವೆಂದು ಗಮನಿಸಿ, ಗರ್ಭದ ಹೀಮೋಗ್ಲೋಬಿನೇ ಕಾಪಾಡುತ್ತಿರಬೇಕೆಂದು ಊಹಿಸಿದಳು. 1955ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನಿಂದ, ದೊಡ್ಡವರಾದ ಮೇಲೂ ಅದನ್ನು ಉಳಿಸಿಕೊಂಡು ಆರೋಗ್ಯದಿಂದಿದ್ದವರ ವಾರ್ತೆಯು ಬಂದಿತು. ಹಾಗಾದರೆ ಗ್ಯಾಮಾ ಜೀನು ಹುಟ್ಟಿದ ಮೇಲೆ ನಾಶವಾಗುವುದಿಲ್ಲ. ವ್ಯಾಕರಣದಲ್ಲಿ ಅಪವಾದದಿಂದ ಬಾಧಿತವಾದ ಉತ್ಸರ್ಗದಂತೆ ಸುಮ್ಮನಿರುತ್ತದೆ. ಆ ಬಾಧಕವು ಯಾವುದು? 2008ರಲ್ಲಿ ಸಂಕರನ್, ಆರ್ಕಿನ್ ಮೊದಲಾದವರು ಬಿಸಿಎಲ್11ಎ ಎಂಬ ಪ್ರೋಟೀನನ್ನು ತೋರಿಸಿಕೊಟ್ಟರು. ಅದನ್ನು ಕುಗ್ಗಿಸಿದೊಡನೆ ಗ್ಯಾಮಾ ಮತ್ತೆ ಎದ್ದಿತು.

ನಮ್ಮ ದೇಶಕ್ಕೂ ಈ ಚರಿತ್ರೆಯು ಸಂಬಂಧಪಟ್ಟುದೇ. ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲುಕಣದ ಲಕ್ಷಣವಿರುವುದನ್ನು ಲೇಮನ್, ಕಟ್‌ಬುಷ್ ಇಬ್ಬರೂ 1952ರಲ್ಲಿ ಪ್ರಕಟಿಸಿದರು. ಭಾರತದ ಅನೇಕ ರೋಗಿಗಳಲ್ಲಿ ಗರ್ಭದ ಹೀಮೋಗ್ಲೋಬಿನು ಹೆಚ್ಚಾಗಿ ಉಳಿದಿರುವುದರಿಂದ ರೋಗವು ಸೌಮ್ಯವೆಂಬ ಮಾತುಂಟು; ಆದರೆ ತೀವ್ರವಾಗಿ ನರಳುವವರೂ ಇಲ್ಲಿ ಇರುವುದರಿಂದ ಆ ಮಾತನ್ನು ಸಾಮಾನ್ಯ ನಿಯಮವೆಂದು ಹಿಡಿಯಲಾಗದು.

ಬಿಸಿಎಲ್11ಎಯನ್ನು ರಕ್ತಜನಕ ಕಣಗಳಲ್ಲಿ ಕುಗ್ಗಿಸುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಅನುಮತಿಯನ್ನಿತ್ತವು. ಇದರಲ್ಲಿ ರೋಗಿಯ ಮಜ್ಜೆಯನ್ನು ಉಗ್ರವಾದ ಔಷಧದಿಂದ ಬರಿದುಮಾಡಿ, ತಿದ್ದಿದ ಕಣಗಳನ್ನು ತುಂಬಬೇಕಾಗುವುದು; ವೆಚ್ಚವೂ ಅಪಾರ. ಆದುದರಿಂದ ಬಹುಮಂದಿಗೆ ಇಂದಿಗೂ ದೊರೆಯುವ ಔಷಧವು ಹೈಡ್ರಾಕ್ಸಿಯೂರಿಯವೇ. ಅದೂ ಗ್ಯಾಮಾ ಸರಪಣಿಯನ್ನು ಸ್ವಲ್ಪಮಟ್ಟಿಗೆ ಮರಳಿ ತರುವಂಥದು.