ಕರೆಂಟು ಖರ್ಚಾಗುವುದಿಲ್ಲ

ಏಳನೆಯ ತರಗತಿಯ ಮಕ್ಕಳ ಮುಂದೆ ಒಂದು ಬ್ಯಾಟರಿ ಹಾಗೂ ಒಂದೇ ಬಗೆಯ ಎರಡು ಪುಟ್ಟ ಬಲ್ಬುಗಳನ್ನಿಟ್ಟು, ಒಂದರ ಹಿಂದೊಂದು ಬರುವಂತೆ ತಂತಿಯಿಂದ ಜೋಡಿಸಿ. ಸ್ವಿಚ್ ಒತ್ತುವ ಮೊದಲು ‘ಯಾವ ಬಲ್ಬು ಹೆಚ್ಚು ಬೆಳಗುತ್ತದೆ?’ ಎಂದು ಕೇಳಿ ನೋಡಿ. ‘ಮೊದಲನೆಯದು’ ಎನ್ನುವ ಮಕ್ಕಳು ಹಲವರಿರುತ್ತಾರೆ. ಬ್ಯಾಟರಿಯಿಂದ ಹೊರಟ ಕರೆಂಟನ್ನು ಮೊದಲ ಬಲ್ಬು ಒಂದಿಷ್ಟು ತಿಂದುಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದಷ್ಟೇ ಸಿಗುತ್ತದೆ ಎಂಬುದು ಅವರ ತರ್ಕ. ಆದರೆ ಸ್ವಿಚ್ ಒತ್ತಿದಾಗ ಎರಡೂ ಸಮನಾಗಿ ಬೆಳಗುತ್ತವೆ.

ಈ ತಪ್ಪು ಮಕ್ಕಳದು ಮಾತ್ರವಲ್ಲ. ‘ಹೀಟರು ತುಂಬಾ ಕರೆಂಟು ತಿನ್ನುತ್ತದೆ’, ‘ಕರೆಂಟು ಉಳಿಸಿ’ ಎಂಬ ನಮ್ಮ ದಿನನಿತ್ಯದ ಮಾತಿನಲ್ಲೂ ಅದು ಅಡಗಿದೆ. ಮನೆಯೊಳಕ್ಕೆ ಒಂದು ತಂತಿಯಲ್ಲಿ ಎಷ್ಟು ಕರೆಂಟು ಬರುತ್ತದೋ ಇನ್ನೊಂದರಲ್ಲಿ ಅಷ್ಟೇ ಮರಳುತ್ತದೆ. ಖರ್ಚಾಗುವುದು ಶಕ್ತಿ. ಬಿಲ್ಲಿನಲ್ಲಿರುವ ‘ಯೂನಿಟ್’ ಎಂದರೆ ಒಂದು ಕಿಲೋವ್ಯಾಟ್-ಗಂಟೆಯಷ್ಟು ಶಕ್ತಿ. ಇಂದು ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಈ ವ್ಯತ್ಯಾಸವನ್ನು ಬಿಡಿಸಲು ವಿಜ್ಞಾನಿಗಳಿಗೆ ಸುಮಾರು ನಾಲ್ಕು ದಶಕಗಳು ಹಿಡಿದವು.

1800ಕ್ಕೆ ಮೊದಲು ವಿದ್ವಾಂಸರ ಕೈಯಲ್ಲಿದ್ದದ್ದು ಉಜ್ಜಿದಾಗ ಹುಟ್ಟಿ, ಕಿಡಿಯಾಗಿ ಹಾರಿ ಮುಗಿಯುವ ವಿದ್ಯುತ್ತು. ಆ ವರ್ಷ ಇಟಲಿಯ ವೋಲ್ಟಾ, ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಣುಕುಗಳನ್ನಿಟ್ಟು ಪೇರಿಸಿದ ಕಂಬವನ್ನು ಲೋಕಕ್ಕೆ ಪರಿಚಯಿಸಿದ. ಎಡೆಬಿಡದೆ ಹರಿಯುವ ವಿದ್ಯುತ್ತು ಸಿಕ್ಕಿತು. ಆದರೆ ಹರಿಯುತ್ತಿದೆ ಎಂದು ತಿಳಿಯುವುದು ಹೇಗೆ? 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯ ಬಳಿ ಇಟ್ಟ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಅದೇ ವರ್ಷ ಫ್ರಾನ್ಸಿನ ಆಂಪೇರ್ ದಿಕ್ಸೂಚಿಯನ್ನು ಬ್ಯಾಟರಿಯ ಬಳಿಗೇ ಒಯ್ದ. ಅಲ್ಲಿಯೂ ಮುಳ್ಳು ತಿರುಗಿತು. ಅಂದರೆ ಪ್ರವಾಹ ಬ್ಯಾಟರಿಯಲ್ಲಿ ಹುಟ್ಟಿ ಬಲ್ಬಿನಲ್ಲಿ ಸಾಯುವ ಹೊಳೆಯಲ್ಲ, ಬ್ಯಾಟರಿಯನ್ನೂ ಹಾದು ಸುತ್ತುವ ಸರಪಳಿ!

ಆ ಪ್ರವಾಹ ಎಷ್ಟು ಎಂಬ ಲೆಕ್ಕ ಹಾಕಿದವನು ಒಬ್ಬ ಶಾಲಾ ಮೇಷ್ಟರು. ಬೀಗ ಮಾಡುವವನ ಮಗನಾಗಿ 1789ರಲ್ಲಿ ಹುಟ್ಟಿದ ಜಾರ್ಜ್ ಓಮ್, ಜರ್ಮನಿಯ ಕೊಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದ. ಅಂದಿನ ಬ್ಯಾಟರಿಗಳ ಬಲ ಒಂದೇ ಸಮ ಇರುತ್ತಿರಲಿಲ್ಲ. ಅದಕ್ಕಾಗಿ ಆತ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಸ್ಥಿರವಾದ ಪ್ರವಾಹ ದೊರೆಯಿತು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಮುಳ್ಳು ಎಷ್ಟು ತಿರುಗುತ್ತದೆಂದು ಅಳೆದ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ಪ್ರವಾಹ ಕಡಿಮೆ. ಆದರೆ ಕಡಿಮೆಯಾಗುವುದು ಇಡೀ ಸುತ್ತಿನಲ್ಲಿ, ತಂತಿಯ ತುದಿಯಲ್ಲಿ ಮಾತ್ರವಲ್ಲ.

1827ರಲ್ಲಿ ಬಂದ ಅವನ ಗ್ರಂಥಕ್ಕೆ ತಾಯ್ನಾಡಿನಲ್ಲಿ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಬಯಸಿದ ವಿಶ್ವವಿದ್ಯಾಲಯದ ಹುದ್ದೆ ದೊರೆಯಲಿಲ್ಲ, ಇದ್ದ ಕೆಲಸವನ್ನೂ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟು ಗೌರವಿಸಿದ್ದು 1841ರಲ್ಲಿ. ಪ್ರವಾಹ ತಂತಿಯನ್ನು ಕಾಯಿಸುವಾಗ ಎಷ್ಟು ಶಾಖ ಹುಟ್ಟುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಜೂಲ್ ಪ್ರಕಟಿಸಿದ್ದೂ ಅದೇ ವರ್ಷ. ಉಳಿಯುವುದು ಯಾವುದು, ವ್ಯಯವಾಗುವುದು ಯಾವುದು ಎಂಬುದು ಸ್ಪಷ್ಟವಾಗತೊಡಗಿತು. ಮ್ಯೂನಿಕ್‌ನಲ್ಲಿ ಓಮ್ ಪ್ರಾಧ್ಯಾಪಕನಾಗಿದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ ತೀರಿಕೊಂಡ.

ತರಗತಿಯಲ್ಲಿ ಇದನ್ನೆಲ್ಲ ತಿಳಿಸಲು ಸೈಕಲ್ ಚೈನಿಗಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಪೆಡಲ್ ತುಳಿದೊಡನೆ ಇಡೀ ಚೈನು ಒಟ್ಟಿಗೆ ಚಲಿಸುತ್ತದೆ. ಚೈನಿನ ಒಂದು ಕೊಂಡಿಯೂ ಸವೆದುಹೋಗದೆ ಕಾಲಿನ ಬಲ ಚಕ್ರಕ್ಕೆ ತಲುಪುತ್ತದೆ. ಬ್ಯಾಟರಿಯ ತಂತಿಯಲ್ಲೂ ಅಷ್ಟೇ. ಅಲ್ಲಿ ಎಲೆಕ್ಟ್ರಾನುಗಳು ಸಾಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಎಲ್ಲವೂ ಒಟ್ಟಿಗೆ ಹೊರಡುವುದರಿಂದ ಬಲ್ಬು ತಕ್ಷಣ ಹೊತ್ತಿಕೊಳ್ಳುತ್ತದೆ.

‘ಮೊದಲ ಬಲ್ಬು’ ಎಂದ ಮಗುವನ್ನು ದಡ್ಡನೆಂದು ಗದರಿಸುವ ಮೊದಲು ಈ ಚರಿತ್ರೆ ನೆನಪಾಗಬೇಕು. ಮೇಷ್ಟರು ಉತ್ತರವನ್ನು ಬೋರ್ಡಿನ ಮೇಲೆ ಬರೆಯುವುದಕ್ಕಿಂತ, ಬಲ್ಬುಗಳನ್ನು ಅದಲುಬದಲು ಮಾಡಿ ನೋಡಲು ಆ ಮಗುವಿನ ಕೈಗೇ ಕೊಡುವುದು ಮೇಲು. ಓಮ್ ಮಾಡಿದ್ದೂ ಅದನ್ನೇ: ತಂತಿ ಬದಲಿಸಿದ, ಮುಳ್ಳು ನೋಡಿದ.