ಸಾರ್ವಜನಿಕ ದಂತ ಚಿಕಿತ್ಸೆ, ಥಾಣೆ–ಕಲ್ಯಾಣ–ನವಿಮುಂಬಯಿ

ಮಹಾರಾಷ್ಟ್ರದ ಥಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿಮುಂಬಯಿಗಳಲ್ಲಿ ಸರ್ಕಾರ ಅಥವಾ ಮಹಾನಗರಪಾಲಿಕೆಯ ಹಣದಿಂದ ನಡೆಯುವ ಹಲ್ಲು, ವಸಡು, ಬಾಯಿಯ ಚಿಕಿತ್ಸೆ. ಇಲ್ಲಿ ಆಸ್ಪತ್ರೆಗಳ ಒಡೆತನ ಹಂಚಿಹೋಗಿದೆ. ಥಾಣೆ ಪಾಲಿಕೆಗೆ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಸೇರಿದೆ. ಕಲ್ಯಾಣ-ಡೊಂಬಿವಲಿ ಪಾಲಿಕೆ ರುಕ್ಮಿಣಿಬಾಯಿ ಹಾಗೂ ಶಾಸ್ತ್ರಿನಗರ ಆಸ್ಪತ್ರೆಗಳನ್ನು, ನವಿಮುಂಬಯಿ ಪಾಲಿಕೆ ವಾಶಿ, ಐರೋಲಿ, ನೆರೂಳ್‌ಗಳ ಆಸ್ಪತ್ರೆಗಳನ್ನು ನಡೆಸುತ್ತವೆ. ಥಾಣೆಯ ಜಿಲ್ಲಾ ಆಸ್ಪತ್ರೆ ರಾಜ್ಯದ್ದು. 2023ರ ಆಗಸ್ಟ್ 15ರಿಂದ ರಾಜ್ಯ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನು ಉಚಿತಗೊಳಿಸಿದಾಗ ಪಾಲಿಕೆ ಆಸ್ಪತ್ರೆಗಳು ಆ ಆದೇಶದ ಹೊರಗುಳಿದವು.

ಈ ನಗರಗಳಲ್ಲಿ ಸರ್ಕಾರದ ಅಥವಾ ಪಾಲಿಕೆಯ ದಂತ ಕಾಲೇಜು ಇಲ್ಲ. ಹತ್ತಿರದವೆಂದರೆ ಮುಂಬಯಿಯ ಸರ್ಕಾರಿ ದಂತ ಕಾಲೇಜು ಮತ್ತು 1933ರಲ್ಲಿ ಆರಂಭವಾದ ನಾಯರ್ ದಂತ ಕಾಲೇಜು. ಆದರೆ ನವಿಮುಂಬಯಿ ಭಾಗದಲ್ಲಿ ಖಾಸಗಿ ದಂತ ಕಾಲೇಜುಗಳು ಒತ್ತೊತ್ತಾಗಿವೆ: ನೆರೂಳ್‌ನಲ್ಲಿ ಡಿ. ವೈ. ಪಾಟೀಲ್ ಮತ್ತು ತೆರ್ಣಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್ಘರ್‌ನಲ್ಲಿ ವೈ.ಎಂ.ಟಿ., ಕಾಮೋಠೆಯಲ್ಲಿ ಎಂ.ಜಿ.ಎಂ. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕಾದ್ದರಿಂದ ಇಂಥ ಕಾಲೇಜುಗಳಲ್ಲಿ ದರ ಕಡಿಮೆ. ಡೊಂಬಿವಲಿಯವರು ಲೋಕಲ್ ಹಿಡಿದು ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್-ಹಾರ್ಬರ್ ಗಾಡಿಗೆ ಬದಲಾಯಿಸಿ ನೆರೂಳ್ ಸೇರಬೇಕು.

ಈ ಓಡಾಟವೇ ಚಿಕಿತ್ಸೆಯ ಸ್ವರೂಪವನ್ನು ನಿರ್ಧರಿಸಿಬಿಡುತ್ತದೆ. ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಎರಡು ಮೂರು ಸಲ ಹೋಗಬೇಕು: ಎಕ್ಸ್-ರೇ, ಬೇರಿನ ಒಳಗನ್ನು ಸ್ವಚ್ಛಮಾಡುವುದು, ತುಂಬುವುದು, ಕೊನೆಗೆ ಕ್ಯಾಪು. ಥಾಣೆಯ ವಾಗಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದಲ್ಲಿ ದಿನಗೂಲಿಗೆ ದುಡಿಯುವವನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಆತ ಉಳಿಸಬಹುದಾದ ಹಲ್ಲನ್ನೂ ಕೀಳಿಸಿಕೊಂಡು, ನೋವಿನ ಮಾತ್ರೆ ತೆಗೆದುಕೊಂಡು ಮರುದಿನ ಕೆಲಸಕ್ಕೆ ಹಾಜರಾಗುತ್ತಾನೆ. ಇದನ್ನು ಬಡವರ ಅಜ್ಞಾನ ಎನ್ನುವುದು ಅನ್ಯಾಯ.

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಲ್ಲಿ ಬಂತು. ದಂತ ಕುರ್ಚಿ, ಸಾಮಗ್ರಿ, ಗುತ್ತಿಗೆ ದಂತವೈದ್ಯ, ಸಹಾಯಕರಿಗೆ ಅದು ರಾಜ್ಯಗಳಿಗೆ ನೆರವು ಕೊಡುತ್ತದೆ. ಗುತ್ತಿಗೆ ಹುದ್ದೆಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಂಜೂರಾತಿಯನ್ನು ನೆಚ್ಚಿಕೊಂಡಿರುವುದೇ ಇದರ ದೌರ್ಬಲ್ಯ. ವೈದ್ಯರಿಲ್ಲದ ಕುರ್ಚಿಯಿಂದ ಯಾರ ನೋವೂ ನೀಗದು.

ಇದಕ್ಕಿಂತ ದೊಡ್ಡ ಚಿಂತೆ ಹಣ ಹರಿಯುವ ದಾರಿಯದು. ಸಾರ್ವಜನಿಕ ಹಣದ ಹೊಸ ಭಾಗ ವಿಮೆಯ ಕಡೆಗೆ ಹೋಗುತ್ತಿದೆ. 2012ರಲ್ಲಿ ಎಂಟು ಜಿಲ್ಲೆಗಳಲ್ಲಿ ಆರಂಭವಾದ ರಾಜ್ಯದ ಯೋಜನೆಗೆ 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಅವರ ಹೆಸರಿಟ್ಟರು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ ಬಂತು. ಇವು ಮುಖ್ಯವಾಗಿ ದಾಖಲಾದ ರೋಗಿಗಳಿಗಾಗಿ ಇರುವಂಥವು. ಹಲ್ಲಿನ ರೋಗಿಯಾದರೋ ಹೊರರೋಗಿ. ದವಡೆ ಮುರಿದರೆ, ಬಾಯಿ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾದರೆ ಯೋಜನೆ ಹಣ ಕಟ್ಟುತ್ತದೆ. ಹುಳುಕು ತುಂಬಿಸಲು, ವಸಡು ಸ್ವಚ್ಛಮಾಡಿಸಲು ಅದು ಕಟ್ಟುವುದಿಲ್ಲ. ಗುಟ್ಕಾ ನಿಷೇಧವಾದದ್ದು 2012ರಲ್ಲಾದರೂ ತಂಬಾಕು ಜಗಿಯುವುದು, ಮಿಶ್ರಿ ಎಂಬ ತಂಬಾಕು ಪುಡಿಯಲ್ಲಿ ಹಲ್ಲುಜ್ಜುವುದು ಉಳಿದಿರುವ ಸೀಮೆಯಿದು. ಹುಳುಕಿಗೆಂದು ಬಾಯಿ ತೆರೆದವರಲ್ಲೇ ಕ್ಯಾನ್ಸರಿನ ಮುನ್ಸೂಚನೆಯಾಗಬಹುದಾದ ಬಿಳಿ ಮಚ್ಚೆ ಮೊದಲು ಕಣ್ಣಿಗೆ ಬೀಳುವುದುಂಟು. ಆ ಭೇಟಿಗೆ ಹಣವಿಡದೆ ಶಸ್ತ್ರಕ್ರಿಯೆಗೆ ಇಡುವುದು ತಲೆಕೆಳಗಾದ ಲೆಕ್ಕಾಚಾರ.

ಪಾಲಿಕೆಗಳ ಆದ್ಯತೆಯಲ್ಲೂ ಹಲ್ಲಿನ ಸರದಿ ಕೊನೆಗೆ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಕಳ್ವಾ ಆಸ್ಪತ್ರೆಯಲ್ಲಿ ಒಂದೇ ದಿನ 18 ರೋಗಿಗಳು ತೀರಿಕೊಂಡಾಗ ತೀವ್ರ ನಿಗಾ ಘಟಕ, ಹಾಸಿಗೆ, ಸಿಬ್ಬಂದಿಯೇ ಚರ್ಚೆಯಾದದ್ದು ಸಹಜ. ಅಂಥ ಒತ್ತಡದಲ್ಲಿ ದಂತ ವಿಭಾಗದ ಬೇಡಿಕೆ ಮುಂದಿನ ವರ್ಷಕ್ಕೆ ಸರಿಯುತ್ತದೆ.

ಕರ್ನಾಟಕದ ದಂತಭಾಗ್ಯ ಯೋಜನೆ ಇಲ್ಲಿಗೆ ಹತ್ತಿರದ ಮಾದರಿ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಹಲ್ಲುಸೆಟ್ಟು ಕೊಡಲು ಅದು ಖಾಸಗಿ ದಂತ ಕಾಲೇಜುಗಳನ್ನೂ ಬಳಸಿಕೊಂಡಿತು. ಐದು ಕಾಲೇಜುಗಳಿರುವ ನವಿಮುಂಬಯಿ ಭಾಗಕ್ಕೆ ಆ ಏರ್ಪಾಡು ಚೆನ್ನಾಗಿ ಒಪ್ಪುತ್ತದೆ. ಹಲ್ಲುಸೆಟ್ಟಿನ ಜತೆ ಹುಳುಕು ತುಂಬುವುದನ್ನೂ ಸೇರಿಸಿದರೆ ಹೆಚ್ಚು ಉಪಯೋಗ. ಆಯುಷ್ಮಾನ್ ಆರೋಗ್ಯ ಮಂದಿರಗಳ ಹನ್ನೆರಡು ಸೇವೆಗಳಲ್ಲಿ ಬಾಯಿಯ ಪ್ರಾಥಮಿಕ ಆರೈಕೆಯೂ ಒಂದು. ಅಲ್ಲಿ ತಪಾಸಣೆ ಮಾಡಿ ಕಳಿಸಿದ ರೋಗಿಯನ್ನು ಮುಂದೆ ಯಾರು, ಯಾವ ಖರ್ಚಿನಲ್ಲಿ ನೋಡಬೇಕೆಂಬುದನ್ನು ರಾಜ್ಯ ಮತ್ತು ಮೂರು ಪಾಲಿಕೆಗಳು ಕೂಡಿಯೇ ಗೊತ್ತುಮಾಡಬೇಕು.